ಹೊಟ್ಟೆಯೊಳಗೂ ಹೆಪ್ಪುಗಟ್ಟುತ್ತದೆಯೇ ಬೇಕನ್ ಡ್ರೆಸ್ಸಿಂಗ್?

ಪ್ರಶ್ನೆ: ಅಕ್ಕೋರೇ, ನೀವು ಹೇಳಿದ ಹಾಗೇ ಬೇಕನ್ (ಉಪ್ಪು ಹಚ್ಚಿದ ಹಂದಿಮಾಂಸ) ಡ್ರೆಸ್ಸಿಂಗ್ ಮಾಡಿ ಸಲಾಡಿಗೆ ಸುರಿದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಪಾಲಕ್ ಎಲೆಯ ಮೇಲೆ ಬಿಳಿ ಮೇಣ ಹಚ್ಚಿದ ಹಾಗೆ ಕೂತಿತ್ತು. ಹೊಟ್ಟೆಗೆ ಹೋದರೂ ಹೀಗೇ ಗಟ್ಟಿಯಾಗುತ್ತದೆ ಎಂದು ನಮ್ಮ ಅತ್ತೆ ಎಲ್ಲವನ್ನೂ ಚೆಲ್ಲಿಸಿದರು. ಎಲ್ಲಿ ತಪ್ಪಿದೆ?

ಉತ್ತರ: ಪಾಲಕ್ಕನ್ನು ಫ್ರಿಜ್ಜಿನಿಂದ ತೆಗೆದು ನೇರ ತಟ್ಟೆಗೆ ಹಾಕಿದ್ದೀರಿ, ತಟ್ಟೆಯನ್ನು ಫ್ಯಾನಿನ ಕೆಳಗೆ ಇಟ್ಟಿದ್ದೀರಿ. ಬರೆಯದಿದ್ದರೂ ಗೊತ್ತಾಗುತ್ತದೆ, ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳು ನಾನು.

ಮಾಡುವ ಕ್ರಮ ಮತ್ತೊಮ್ಮೆ, ಬೇಗ ಬೇಗ. 150 ಗ್ರಾಂ ಬೇಕನ್ನನ್ನು ಸಣ್ಣಗೆ ಹೆಚ್ಚಿ ತಣ್ಣನೆಯ ಬಾಣಲೆಗೆ ಹಾಕಿ, ಆಮೇಲೆ ಒಲೆ ಹೊತ್ತಿಸಿ. ಉರಿ ಸಣ್ಣದಿರಲಿ, ಕೊಬ್ಬು ತಾನಾಗಿ ಕರಗಿ ಹೊರಬರಬೇಕು. ಚೂರುಗಳು ಗರಿಗರಿಯಾದಾಗ ತೆಗೆದಿಡಿ. ಬಾಣಲೆಯಲ್ಲಿ ಮೂರು ದೊಡ್ಡ ಚಮಚ ಜಿಡ್ಡು ಉಳಿದಿರಬೇಕು, ಕಡಿಮೆ ಬಿದ್ದರೆ ಶೇಂಗಾ ಎಣ್ಣೆ ಸೇರಿಸಿ. ಒಂದು ಕುಮಟಾ ಈರುಳ್ಳಿಯನ್ನು ಅದರಲ್ಲೇ ಬಾಡಿಸಿ. ಈಗ ಒಲೆ ಆರಿಸಿ, ಎರಡು ನಿಮಿಷ ಕಾಯಿರಿ. ಕಾಯದೆ ವಿನೆಗರ್ ಸುರಿದರೆ ಸಿಡಿದು ಕೈ ಸುಡುತ್ತದೆ. ಮೂರು ಚಮಚ ವಿನೆಗರ್, ಒಂದು ಚಮಚ ಜೋನಿಬೆಲ್ಲ, ಅರೆದ ಸಾಸಿವೆ ಅರ್ಧ ಚಮಚ, ಕಾಳುಮೆಣಸು. ಸಾಸಿವೆ ರುಚಿಗಷ್ಟೇ ಅಲ್ಲ, ಎಣ್ಣೆ ಮತ್ತು ಹುಳಿ ಬೇರೆಯಾಗದಂತೆ ಹಿಡಿದಿಡುತ್ತದೆ. ಬೇಕನ್‌ನಲ್ಲೇ ಉಪ್ಪಿರುವುದರಿಂದ ಉಪ್ಪು ಹಾಕುವ ಮೊದಲು ನಾಲಿಗೆಗೆ ಕೇಳಿ.

ಬಡಿಸುವುದಕ್ಕೆ ಒಂದೇ ನಿಯಮ: ಜನ ಎಲೆಗಾಗಿ ಕಾಯಬೇಕು, ಎಲೆ ಜನರಿಗಾಗಿ ಕಾಯಬಾರದು. ಪಾಲಕ್ಕನ್ನು ಅರ್ಧ ಗಂಟೆ ಮೊದಲೇ ಹೊರಗಿಟ್ಟು, ನೀರು ಪೂರ್ತಿ ಒರೆಸಿ, ಎಲ್ಲರೂ ಕೂತ ಮೇಲೆ ಬಿಸಿಬಿಸಿ ಸುರಿದು ಕಲಸಿ. ಎಲೆ ಸ್ವಲ್ಪ ಬಾಡುತ್ತದೆ, ಬಾಡಲೇಬೇಕು. ಅಮೆರಿಕದ ಪೆನ್ಸಿಲ್ವೇನಿಯಾದ ಜರ್ಮನ್ ಮೂಲದವರು ಕಹಿ ಎಲೆಗಳ ಮೇಲೆ ಇದನ್ನು ಸುರಿದು ತಿನ್ನುವುದೇ ಹಾಗೆ.

ಇನ್ನು ಅತ್ತೆಯವರ ಮಾತು. ಇದಕ್ಕೆ ಎಷ್ಟು ಸಲ ಉತ್ತರ ಬರೆದೆನೋ ಲೆಕ್ಕವಿಲ್ಲ. ಮೀನು ತಿಂದು ಹಾಲು ಕುಡಿಯಬಾರದು ಎಂಬುದರ ಪಕ್ಕದಲ್ಲೇ ಇದಕ್ಕೂ ಒಂದು ಮಣೆ ಹಾಕಿ ಕೂರಿಸಿದ್ದೇವೆ.

ತಟ್ಟೆಯಲ್ಲಿ ಗಟ್ಟಿಯಾದದ್ದು ಹೊಟ್ಟೆಯಲ್ಲೂ ಗಟ್ಟಿಯಾಗುವುದಾದರೆ ಡಿಸೆಂಬರಿನಲ್ಲಿ ಸಿರ್ಸಿಯವರು ಯಾರೂ ಬದುಕಿ ಉಳಿಯುತ್ತಿರಲಿಲ್ಲ. ಆ ಚಳಿಗೆ ತೆಂಗಿನೆಣ್ಣೆಯ ಬಾಟಲಿ ಬೋರಲು ಹಾಕಿದರೂ ಒಂದು ಹನಿ ಬೀಳುವುದಿಲ್ಲ. ತೆಂಗಿನೆಣ್ಣೆ ಕರಗುವುದು 24 ಡಿಗ್ರಿಯ ಆಸುಪಾಸಿನಲ್ಲಿ, ಹಂದಿಯ ಕೊಬ್ಬು 30ರಿಂದ 40ರ ನಡುವೆ. ನಮ್ಮ ಮೈಯೊಳಗೆ 37 ಡಿಗ್ರಿ. ಊಟದ ಮೇಲೆ ಐಸ್ ನೀರು ಕುಡಿದರೆ ಜಿಡ್ಡು ಕಟ್ಟುತ್ತದೆ ಎನ್ನುವವರೂ ಇದ್ದಾರೆ. ಆ ನೀರು ಸ್ವಲ್ಪ ಹೊತ್ತಿನಲ್ಲೇ ಮೈಯ ಬಿಸಿಗೆ ಬಂದುಬಿಡುತ್ತದೆ.

"ಅಕ್ಕೋರೇ, 38ರಲ್ಲಿ ಕರಗುವ ಕೊಬ್ಬಿದ್ದರೆ?" ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿಯೇ ಕೇಳುತ್ತಾನೆ. ಒಳ್ಳೆಯ ಪ್ರಶ್ನೆ. ಉತ್ತರ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಇದೆ: ಮುರುಗಲ (ಕೋಕಂ) ತುಪ್ಪ. ಬೀಜದಿಂದ ತೆಗೆದು ಉಂಡೆ ಕಟ್ಟಿಡುವ, ಒಡೆದ ಹಿಮ್ಮಡಿಗೆ ಹಚ್ಚುವ ಅದೇ ತುಪ್ಪ. ಅದು ಕರಗುವುದು ಸುಮಾರು 40ರಲ್ಲಿ, ಕಾರವಾರದ ಮೇ ತಿಂಗಳಿಗೂ ಜಗ್ಗುವುದಿಲ್ಲ. ಘಟ್ಟದ ಮೇಲಿನವರು ಅದನ್ನು ಕಾಸಿ ಊಟಕ್ಕೂ ಬಳಸುತ್ತಾರೆ. ಯಾರ ಹೊಟ್ಟೆಯಲ್ಲೂ ಉಂಡೆ ಕಟ್ಟಿಲ್ಲ. ಯಾಕೆಂದರೆ ಜೀರ್ಣವಾಗುವುದು ಬರೀ ಶಾಖದಿಂದಲ್ಲ. ಪಿತ್ತರಸ ಜಿಡ್ಡನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ, ಎಣ್ಣೆ ಪಾತ್ರೆಗೆ ಸಾಬೂನು ಮಾಡುವ ಕೆಲಸವೇ ಅದು. ಆಮೇಲೆ ಮೇದೋಜೀರಕ ಗ್ರಂಥಿಯ ಲೈಪೇಸ್ ಎಂಬ ಕಿಣ್ವ ಆ ಹನಿಗಳನ್ನು ಕತ್ತರಿಸಿ ಹಾಕುತ್ತದೆ.

ಇನ್ನೊಂದು ಮಾತು ಹೇಳಿದರೆ ಅತ್ತೆಯವರಿಗೆ ಸಿಟ್ಟು ಬರಬಹುದು. ಗಟ್ಟಿಯಾಗುವುದೇ ಅಪರಾಧವಾದರೆ, ಹಂದಿ ಕೊಬ್ಬಿನಲ್ಲಿ ಸ್ಯಾಚುರೇಟೆಡ್ ಅಂಶ (ಸುಲಭವಾಗಿ ಗಟ್ಟಿಯಾಗುವ ಬಗೆಯ ಕೊಬ್ಬು) ಶೇ. 40ರ ಹತ್ತಿರ, ಅವರು ದಿನಾ ಒಗ್ಗರಣೆಗೆ ಹಾಕುವ ತೆಂಗಿನೆಣ್ಣೆಯಲ್ಲಿ ಶೇ. 80ಕ್ಕೂ ಮೇಲೆ. ಹಾಗಂತ ಬೇಕನ್ನನ್ನು ದಿನಾ ತಿನ್ನಿ ಎಂದೆನೇ? ಅದರ ಉಪ್ಪೊಂದೇ ಸಾಕು ಬಿ.ಪಿ. ಏರಿಸಲು. ಬೈಯುವುದಿದ್ದರೆ ಸರಿಯಾದ ಕಾರಣಕ್ಕೆ ಬೈಯಿರಿ.

ಈ ಕೊಬ್ಬು ನಿಜವಾಗಿ ಹೆಪ್ಪುಗಟ್ಟುವ ಜಾಗ ಒಂದಿದೆ, ಸಿಂಕಿನ ಪೈಪು. ಅಲ್ಲಿ 37 ಡಿಗ್ರಿಯೂ ಇಲ್ಲ, ಪಿತ್ತರಸವೂ ಇಲ್ಲ. ಅತ್ತೆಯವರು ಚೆಲ್ಲಿಸಿದ್ದು ಅಲ್ಲಿಗೇ ಆಗಿದ್ದರೆ ಪ್ಲಂಬರನ ನಂಬರು ಹುಡುಕಿಟ್ಟುಕೊಳ್ಳಿ. ಮುಂದಿನ ಸಲ ಉಳಿದದ್ದನ್ನು ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ, ಮೂರು ನಾಲ್ಕು ದಿನ ಇರುತ್ತದೆ. ಬೇಕಾದಾಗ ಬಾಟಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸಿ ಅಲ್ಲಾಡಿಸಿದರೆ ಮತ್ತೆ ತಿಳಿಯಾಗುತ್ತದೆ. ನಮ್ಮ ಸೆಕೆಯಲ್ಲಿ ಮಾತ್ರ ಒಂದು ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ.

ವಿನೆಗರ್ ಯಾವುದು ಎಂದು ನೀವು ಕೇಳಲಿಲ್ಲ, ಕೇಳಬೇಕಿತ್ತು. ಅಂಗಡಿಯ ಅಗ್ಗದ ಬಿಳಿ ಬಾಟಲಿಯನ್ನು ತಿರುಗಿಸಿ ಓದಿ, ಸಿಂಥೆಟಿಕ್ ಎಂದಿರುತ್ತದೆ. ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿದ್ದು ಅದು. ಕೆಲಸ ನಡೆಯುತ್ತದೆ, ಆದರೆ ಬರೀ ಚುಚ್ಚುತ್ತದೆ. ಹೇಗೂ ಬೇಕನ್ನಿಗೆ ಮಾಜಾಳಿ ದಾಟಿ ಗೋವಾದ ಕಾಣಕೋಣಕ್ಕೆ ಹೋಗುತ್ತೀರಲ್ಲ, ತೆಂಗಿನ ಶೇಂದಿ ಹುಳಿಯಾಗಿ ಆದ ಶಿರ್ಕೊ ಒಂದು ಬಾಟಲಿ ತನ್ನಿ. ನಮ್ಮ ಕಡೆಯ ಕ್ರಿಶ್ಚಿಯನ್ನರ ಮನೆಗಳಲ್ಲಿ ಸೊರ್ಪೊತೆಲ್ ಎಂಬ ಹಂದಿಮಾಂಸದ ಅಡುಗೆಗೆ ಹಾಕುವುದು ಅದನ್ನೇ. ಹಂದಿ ಕೊಬ್ಬಿಗೂ ಆ ಹುಳಿಗೂ ಹಳೆಯ ಸ್ನೇಹ. ಮುರುಗಲ ಸಿಪ್ಪೆ ಹಾಕಲು ಹೋಗಬೇಡಿ, ನಾನು ನೋಡಿದ್ದೇನೆ. ಎಲೆ ಕಪ್ಪಿಡುತ್ತದೆ, ಮೂಗಿಗೆ ಹತ್ತುವ ಆ ಘಾಟೂ ಬರುವುದಿಲ್ಲ.

ಶಿರ್ಕೊ ಬಾಟಲಿಯ ತಳದಲ್ಲಿ ಮಸುಕು ಗಸಿ ಕೂತಿರುತ್ತದೆ. ಅದು ಕೆಟ್ಟದ್ದಲ್ಲ ಎಂದು ಅತ್ತೆಯವರಿಗೆ ಮೊದಲೇ ಹೇಳಿಡಿ.