ಗೋಧಿ ಬಿಡುವ ಮುನ್ನ ರಕ್ತಪರೀಕ್ಷೆ

ಗ್ಲುಟೆನ್ ಎಂದರೆ ಗೋಧಿ, ಬಾರ್ಲಿ, ರೈಗಳಲ್ಲಿರುವ ಜಿಗುಟಾದ ಪ್ರೋಟೀನ್. ಒಂದು ತಿನಿಸಿನಲ್ಲಿ ಗ್ಲುಟೆನ್ ಇಲ್ಲ ಎಂದ ಮಾತ್ರಕ್ಕೆ ಅದು ಇಡೀ ಧಾನ್ಯದ್ದಾಗುವುದಿಲ್ಲ. 'ಗ್ಲುಟೆನ್ ರಹಿತ' ಬಿಸ್ಕತ್ತು, ಬ್ರೆಡ್‌ಗಳ ಪೊಟ್ಟಣದ ಹಿಂಬದಿ ಓದಿ ನೋಡಿ: ಹೆಚ್ಚಿನವುಗಳಲ್ಲಿ ಅಕ್ಕಿ ಹಿಟ್ಟು, ಮೆಕ್ಕೆಜೋಳದ ಪಿಷ್ಟ, ಸಕ್ಕರೆ ಮುಂದಿರುತ್ತವೆ. 100 ಗ್ರಾಂ ಇಡೀ ಗೋಧಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ನಾರಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಗೋಧಿ ಬಿಟ್ಟವರಿಗೆ ಮಲಬದ್ಧತೆ ಶುರುವಾಗುವುದು ಸಾಮಾನ್ಯವಾಗಿ ಇಲ್ಲಿಂದಲೇ. ರಾಗಿ, ಜೋಳ, ಸಜ್ಜೆಯಲ್ಲಿ ನಾರು ಹೆಚ್ಚುಕಡಿಮೆ ಗೋಧಿಯಷ್ಟೇ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಬೇರೆ. ಗೋಧಿಯ ಜಾಗಕ್ಕೆ ಬರಬೇಕಾದವು ಇವು.

ಆದರೆ ಗೋಧಿಯನ್ನು ಬಿಡಲೇಬೇಕೆ? ಸೀಲಿಯಾಕ್ ಕಾಯಿಲೆ (ಗ್ಲುಟೆನ್ ತಿಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಸಣ್ಣ ಕರುಳಿಗೆ ಹಾನಿ ಮಾಡುವ ಕಾಯಿಲೆ) ಇದ್ದವರಿಗೆ ಗೋಧಿ, ಬಾರ್ಲಿ, ರೈ ಮೂರೂ ಜೀವನಪೂರ್ತಿ ವರ್ಜ್ಯ. ರವೆ, ಮೈದಾ, ಹಳೆಯ ತಳಿಯ ಗೋಧಿ ಎಲ್ಲವೂ ಗೋಧಿಯೇ, ವಿನಾಯಿತಿ ಇಲ್ಲ. ಅನುಮಾನವಿದ್ದರೆ, ಈ ಕಾಯಿಲೆಯಲ್ಲಿ ಏರುವ ಪ್ರತಿಕಾಯಗಳನ್ನು ಅಳೆಯುವ ಟಿಟಿಜಿ-ಐಜಿಎ ರಕ್ತಪರೀಕ್ಷೆಯನ್ನೂ ಜೊತೆಗೆ ಒಟ್ಟು ಐಜಿಎ ಮಟ್ಟವನ್ನೂ ಮಾಡಿಸಿ, ಗೋಧಿ ತಿನ್ನುತ್ತಿರುವಾಗಲೇ. ಹಲವರು ಮೊದಲು ತಿಂಗಳುಗಟ್ಟಲೆ ಗೋಧಿ ಬಿಟ್ಟು ಆಮೇಲೆ ಲ್ಯಾಬಿಗೆ ಹೋಗುತ್ತಾರೆ. ಅಷ್ಟರಲ್ಲಿ ಪ್ರತಿಕಾಯಗಳು ಇಳಿದು, ಕಾಯಿಲೆ ಇದ್ದರೂ ವರದಿ ಸಹಜವೆಂದೇ ಬರಬಹುದು. ಆಗ ಮತ್ತೆ ಕನಿಷ್ಠ 6 ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗೋಧಿ ತಿಂದು ಪರೀಕ್ಷೆಗೆ ಸಿದ್ಧವಾಗಬೇಕು. ಹೊಟ್ಟೆ ಕೆಟ್ಟವರಿಗೆ ಅದು ಶಿಕ್ಷೆಯೇ ಸರಿ. ಕಾಯಿಲೆಯಿಲ್ಲದವರು ಬರೀ ತೂಕ ಇಳಿಸಲೆಂದು ಗ್ಲುಟೆನ್ ಬಿಡುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ.

ಕಾಯಿಲೆ ಖಚಿತವಾದವರು ಎಡವುವುದು ಹೆಚ್ಚಾಗಿ ಗಿರಣಿಯಲ್ಲಿ. ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಬೀಸಿದರೆ ಆ ಹಿಟ್ಟು ಗ್ಲುಟೆನ್ ರಹಿತವಲ್ಲ. ಹಾಗೆ ಕರೆಯಲು ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್‌ನ ಮಿತಿ ಕಿಲೋಗೆ 20 ಮಿಲಿಗ್ರಾಂ ಗ್ಲುಟೆನ್. ಕಲ್ಲಿಗೆ ಅಂಟಿದ ಹಿಟ್ಟೇ ಅದನ್ನು ಸುಲಭವಾಗಿ ದಾಟಿಸುತ್ತದೆ. ಮನೆಯಲ್ಲೇ ಪ್ರತ್ಯೇಕ ಮಿಕ್ಸಿ ಜಾರ್, ಜರಡಿ ಇಟ್ಟುಕೊಳ್ಳುವುದು ಒಳ್ಳೆಯದು. ಓಟ್ಸ್‌ನದೂ ಇದೇ ಕಥೆ. ಪೊಟ್ಟಣದ ಮೇಲೆ ಗ್ಲುಟೆನ್ ರಹಿತ ಎಂದಿದ್ದರಷ್ಟೇ ತೆಗೆದುಕೊಳ್ಳಿ, ಅದನ್ನೂ ವೈದ್ಯರನ್ನು ಕೇಳಿ. ಸೋಯಾ ಸಾಸ್‌ನಲ್ಲಿ ಗೋಧಿ, ಮಾಲ್ಟ್ ಪಾನೀಯಗಳಲ್ಲಿ ಬಾರ್ಲಿ ಇರಬಹುದು, ಲೇಬಲ್ ಓದದೆ ಕೊಳ್ಳಬೇಡಿ.

ಇನ್ನು ಅಡುಗೆ. ಜೋಳದ ಹಿಟ್ಟಿನಲ್ಲಿ ಜಿಗುಟು ಇಲ್ಲ, ಕುದಿನೀರು ಪಿಷ್ಟವನ್ನು ಉಬ್ಬಿಸಿದಾಗಲೇ ಅದು ಕೂಡಿಕೊಳ್ಳುತ್ತದೆ. ಒಂದು ಬಟ್ಟಲು ಹಿಟ್ಟಿಗೆ ಮುಕ್ಕಾಲರಿಂದ ಒಂದು ಬಟ್ಟಲು ಕುದಿನೀರು ಹಾಕಿ ಕಲಸಿ, 10 ನಿಮಿಷ ಮುಚ್ಚಿಟ್ಟು, ಬೆಚ್ಚಗಿರುವಾಗಲೇ ನಾದಿ. ತಟ್ಟುವಾಗ ಅಂಚು ಬಿರಿದರೆ ನೀರು ಸಾಕಷ್ಟು ಕಾದಿರಲಿಲ್ಲ, ಇಲ್ಲವೇ ಹಿಟ್ಟು ಹಳೆಯದು. ಬ್ರೆಡ್‌ಗಾದರೆ 100 ಗ್ರಾಂ ಹಿಟ್ಟಿಗೆ 4–5 ಗ್ರಾಂ ಇಸಬ್ಗೋಲು ಸೇರಿಸಿ, ಬೆಂದದ್ದನ್ನು ಪೂರ್ತಿ ಆರಿಸಿಯೇ ಕತ್ತರಿಸಿ. ಬಿಸಿಯಲ್ಲಿ ಕೊಯ್ದರೆ ಒಳಗೆ ಅಂಟಂಟು. ಸಜ್ಜೆ ಹಿಟ್ಟನ್ನು ವಾರಕ್ಕಾಗುವಷ್ಟೇ ಬೀಸಿಸಿ ಫ್ರಿಜ್‌ನಲ್ಲಿಡಿ, ಅದರಲ್ಲಿರುವ ಕೊಬ್ಬು ಬೇಗ ಕಮಟಿ ಕಹಿಯಾಗುತ್ತದೆ.