ಸಿಗ್ನಲ್ ಇಲ್ಲದ ಮನೆಗೆ ಪಾಸ್‌ವರ್ಡ್ ಮ್ಯಾನೇಜರ್

ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ಬರುವವರ ಫೋನಿಗೆ ಪಾಸ್‌ವರ್ಡ್ ಮ್ಯಾನೇಜರ್ ಹಾಕಿಕೊಡುವುದೂ ಈಗ ನನ್ನ ಕೆಲಸ. ನಮ್ಮ ಎಲ್ಲ ಪಾಸ್‌ವರ್ಡ್‌ಗಳನ್ನು ಒಂದೇ ಕಡೆ ಬೀಗ ಹಾಕಿ ಇಡುವ ಆಪ್ ಇದು. ಹೆಚ್ಚಿನವರು ಮೊದಲು ಕೇಳುವುದು ಒಂದೇ: ‘ಅಲ್ಲ ಮಾರಾಯ್ರೆ, ಎಲ್ಲಾ ಒಂದೇ ಕಡೆ ಇಟ್ಟರೆ ಕಳ್ಳನಿಗೆ ಸುಲಭ ಆಗೋದಿಲ್ವಾ?’

ಕೇಳಬೇಕಾದ ಪ್ರಶ್ನೆಯೇ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಇಂಥದೇ ಆಪ್‌ನ ಕಂಪನಿಯಿಂದ ಗ್ರಾಹಕರ ಪಾಸ್‌ವರ್ಡ್ ಬ್ಯಾಕಪ್ಪನ್ನೇ ಕಳ್ಳರು ಹೊತ್ತೊಯ್ದರು. ವೆಬ್‌ಸೈಟ್ ವಿಳಾಸಗಳು ತೆರೆದೇ ಇದ್ದವು, ಅದು ಕಂಪನಿಯ ತಪ್ಪು. ಪಾಸ್‌ವರ್ಡ್‌ಗಳು ಮಾತ್ರ ಎನ್‌ಕ್ರಿಪ್ಟ್ ಆಗಿದ್ದವು, ಅಂದರೆ ಕೀಲಿಯಿಲ್ಲದೆ ಓದಲಾಗದ ಗುಪ್ತ ರೂಪದಲ್ಲಿದ್ದವು. ಅದನ್ನು ಬಿಡಿಸುವ ಕೀಲಿ ಹುಟ್ಟುವುದು ನಿಮ್ಮ ಮಾಸ್ಟರ್ ಪಾಸ್‌ವರ್ಡ್‌ನಿಂದ, ಅಂದರೆ ಆಪ್ ತೆರೆಯಲು ನೀವು ಹಾಕುವ ಒಂದೇ ಪಾಸ್‌ವರ್ಡ್‌ನಿಂದ. ಅದು ಸುಲಭದ್ದಾದರೆ ಕಳ್ಳ ಊಹಿಸಿ ಊಹಿಸಿ ತೆಗೆಯುತ್ತಾನೆ. ಹಾಗಾಗಿ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿ ಅನ್ನುತ್ತೇನೆ. ತೋಟದ ಸರ್ವೆ ನಂಬರ್ ಬೇಡ. ಪಹಣಿಯನ್ನು ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ನೋಡಬಹುದು.

ಇನ್ನು ನಮ್ಮ ಕಡೆಯ ನಿಜವಾದ ತಲೆನೋವು. ಮನೆಗೆ ಫೈಬರ್ ಬಂದಿದೆ, ವೈಫೈ ಇದೆ, ಆದರೆ ಮೊಬೈಲ್ ಟವರ್ ಸಿಗುವುದಿಲ್ಲ. ಜಿಮೇಲ್ ಓಟಿಪಿ ಕಳಿಸುತ್ತದೆ. ಮೆಸೇಜ್ ಬರಲು ಗುಡ್ಡ ಹತ್ತಬೇಕು. ಇಳಿದು ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ! ಇಂಥವರಿಗೆ ಮೆಸೇಜ್ ಬದಲು ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆಪ್ ಹಾಕಿಕೊಡುತ್ತೇನೆ. ಮೊದಲೇ ಫೋನಿನಲ್ಲಿಟ್ಟ ಒಂದು ಗುಟ್ಟಿನ ಸಂಖ್ಯೆ ಮತ್ತು ಫೋನಿನ ಗಡಿಯಾರ, ಇವೆರಡರಿಂದ ಅದು 30 ಸೆಕೆಂಡಿಗೊಮ್ಮೆ ಹೊಸ ಆರಂಕಿ ಲೆಕ್ಕ ಹಾಕುತ್ತದೆ. ಟವರ್ ಬೇಡ, ನೆಟ್ಟೂ ಬೇಡ. ಫೋನಿನ ಟೈಮ್ ಹಿಂದೆ ಮುಂದೆ ಆಗಿದ್ದರೆ ಮಾತ್ರ ಕೋಡ್ ತಪ್ಪುತ್ತದೆ. ಬ್ಯಾಂಕುಗಳು ಹೆಚ್ಚಾಗಿ ಇನ್ನೂ ಎಸ್ಸೆಮ್ಮೆಸ್ಸನ್ನೇ ಹಿಡಿದುಕೊಂಡಿವೆ, ಅದಕ್ಕೆ ನಾನೇನೂ ಮಾಡಲಾರೆ.

ಪಾಸ್‌ವರ್ಡ್ ಮ್ಯಾನೇಜರ್ ಕೂಡ ನೆಟ್ ಇಲ್ಲದೆ ತೆರೆಯುತ್ತದೆ. ಬಿಟ್‌ವಾರ್ಡನ್‌ನಂಥ ಆಪ್ ಒಂದು ಪ್ರತಿಯನ್ನು ಫೋನಿನಲ್ಲೇ ಇಟ್ಟುಕೊಂಡಿರುತ್ತದೆ. ಲಾಕ್ ಮಾಡಿ, ಲಾಗೌಟ್ ಮಾಡಬೇಡಿ. ಲಾಗೌಟ್ ಆದರೆ ಆ ಪ್ರತಿ ಹೋಗುತ್ತದೆ, ಮತ್ತೆ ಒಳಗೆ ಹೋಗಲು ನೆಟ್ ಬೇಕೇ ಬೇಕು.

ಇದರ ಇನ್ನೊಂದು ಉಪಯೋಗ ಬಹಳ ಜನಕ್ಕೆ ಗೊತ್ತಿಲ್ಲ. ಮೋಸದ ಲಿಂಕ್ ಒತ್ತಿದಾಗ ಬ್ಯಾಂಕಿನ ಪುಟದಂತೆಯೇ ಕಾಣುವ ಪುಟ ತೆರೆಯುತ್ತದೆ. ನಮ್ಮ ಕಣ್ಣು ಮೋಸ ಹೋಗುತ್ತದೆ. ಆಪ್ ನೋಡುವುದು ಬಣ್ಣ, ಲೋಗೋ ಅಲ್ಲ, ವಿಳಾಸ. ಒಂದಕ್ಷರ ಬೇರೆಯಾದರೂ ಪಾಸ್‌ವರ್ಡ್ ತಾನಾಗಿ ತುಂಬುವುದಿಲ್ಲ. ‘ಆಪ್ ಕೆಟ್ಟಿದೆ’ ಅಂತ ಕೈಯಿಂದ ಟೈಪ್ ಮಾಡಲು ಹೋಗಬೇಡಿ. ಮೊದಲು ವಿಳಾಸ ಓದಿ.

ಯುಪಿಐ ಪಿನ್ ಮಾತ್ರ ತಲೆಯಲ್ಲೇ ಇರಲಿ. ಮರೆತರೆ ಡೆಬಿಟ್ ಕಾರ್ಡಿನಿಂದ ಹೊಸದು ಹಾಕಿಕೊಳ್ಳಬಹುದು. ಯುಪಿಐ ಲೈಟ್‌ನಲ್ಲಿ ಸಣ್ಣ ಮೊತ್ತಕ್ಕೆ ಪಿನ್ನೇ ಕೇಳುವುದಿಲ್ಲ, ಆದ್ದರಿಂದ ಫೋನಿಗೆ ಸ್ಕ್ರೀನ್ ಲಾಕ್ ಇರಲೇಬೇಕು. ಹಣ ಹೋಯಿತು ಅನ್ನಿಸಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಮಾಸ್ಟರ್ ಪಾಸ್‌ವರ್ಡ್ ಮರೆತರೆ ಹಾಗಲ್ಲ. ಸಾಮಾನ್ಯವಾಗಿ ಕಂಪನಿಯೂ ತೆಗೆದುಕೊಡಲಾರದು, ನಾನೂ ಕೊಡಲಾರೆ. ಅದನ್ನು ಕಾಗದದಲ್ಲಿ ಬರೆದು, ಮಳೆಗಾಲದ ಥಂಡಿ ತಾಗದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೀರುವಿನಲ್ಲಿಡಿ. ಅದರ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಮಗನಿಗೆ ಕಳಿಸಬೇಡಿ. ಹಬ್ಬಕ್ಕೆ ಬೆಂಗಳೂರಿಂದ ಬಂದಾಗ ಎಲ್ಲಿದೆ ಅಂತ ತೋರಿಸಿ, ಸಾಕು.