ರದ್ದು ಮಾಡಿದ ಮೇಲೂ ಉಳಿಯುವ ಲೆಕ್ಕ

ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್‌ಗಳು ಶುರುವಾದರೆ ಗ್ರಿಡ್‌ಸಿಮ್ ಹಿಡಿದವರು ನನ್ನ ಬಳಿ ಬರುತ್ತಾರೆ. ಹಲವು ಕಂಪ್ಯೂಟರುಗಳು ಕೆಲಸ ಹಂಚಿಕೊಳ್ಳುವ ಗ್ರಿಡ್ ಎಂಬ ವ್ಯವಸ್ಥೆಯನ್ನು ಒಂದೇ ಕಂಪ್ಯೂಟರಿನಲ್ಲಿ ಅನುಕರಿಸಿ ನೋಡುವ ಸಾಫ್ಟ್‌ವೇರ್ ಇದು. ದೂರು ಹೆಚ್ಚುಕಡಿಮೆ ಒಂದೇ: ‘ಸರ್, ಕೆಲಸವನ್ನು ಕ್ಯಾನ್ಸಲ್ ಮಾಡಿದ್ದೇನೆ, ಆದರೂ ಸಕ್ಸಸ್ ಎಂದೇ ಬರುತ್ತಿದೆ.’ ಸಾಫ್ಟ್‌ವೇರ್ ಕೆಟ್ಟಿದೆ ಎಂದು ಅಷ್ಟರಲ್ಲಾಗಲೇ ತೀರ್ಮಾನಿಸಿರುತ್ತಾರೆ. ಬಹಳ ಸಲ ಅದು ಸರಿಯಾಗಿಯೇ ಇರುತ್ತದೆ.

ಗ್ರಿಡ್‌ಸಿಮ್ ಅನ್ನು 2002ರ ಪ್ರಬಂಧದಲ್ಲಿ ಪರಿಚಯಿಸಿದವರು ರಾಜ್‌ಕುಮಾರ್ ಬುಯ್ಯ ಮತ್ತು ಮಂಜೂರ್ ಮುರ್ಷೆದ್. ಬುಯ್ಯ ಅವರು ಓದಿದ್ದು ನಮ್ಮ ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳಲು ನನಗೆ ಹೆಮ್ಮೆ. ಜಾವಾದಲ್ಲಿ ಬರೆದ ಈ ಸಾಧನದಲ್ಲಿ ಕೆಲಸದ ಹೆಸರು ಗ್ರಿಡ್‌ಲೆಟ್. ಅದರ ಗಾತ್ರವನ್ನು ದಶಲಕ್ಷ ಸೂಚನೆಗಳಲ್ಲಿ ಅಳೆಯುತ್ತಾರೆ, ಪ್ರೊಸೆಸರಿನ ವೇಗವನ್ನು ಎಂಐಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ದಶಲಕ್ಷ ಸೂಚನೆಗಳು ಎಂಬುದರಲ್ಲಿ.

ಇಲ್ಲಿ ರದ್ದು ಎಂಬುದು ಒಂದು ಸಂದೇಶ. ಅನುಕರಣೆಯ ಗಡಿಯಾರದಲ್ಲಿ ಅದು ಸಂಪನ್ಮೂಲವನ್ನು, ಅಂದರೆ ಕೆಲಸ ನಡೆಸುವ ಯಂತ್ರವನ್ನು, ತಲುಪಲು ಸಮಯ ಹಿಡಿಯಬಹುದು. ಅಷ್ಟರಲ್ಲಿ ಕೆಲಸ ಮುಗಿದಿದ್ದರೆ ರದ್ದುಮಾಡಲು ಏನೂ ಉಳಿದಿರುವುದಿಲ್ಲ.

ನಡುವೆ ರದ್ದಾದಾಗಲಂತೂ ಲೆಕ್ಕ ಇನ್ನೂ ಸೂಕ್ಷ್ಮ. 500 ಎಂಐಪಿಎಸ್‌ನ ಒಂದೇ ಪ್ರೊಸೆಸರನ್ನು ತಲಾ 40,000 ದಶಲಕ್ಷ ಸೂಚನೆಗಳ ಎರಡು ಗ್ರಿಡ್‌ಲೆಟ್‌ಗಳು ಸಮಯ ಹಂಚಿಕೊಂಡು ಬಳಸುತ್ತಿವೆ ಎನ್ನೋಣ. ತಲಾ 250 ಸಿಗುವುದರಿಂದ ಎರಡೂ 160ನೇ ಸೆಕೆಂಡಿಗೆ ಮುಗಿಯಬೇಕು. 40ನೇ ಸೆಕೆಂಡಿಗೆ ಮೊದಲನೆಯದರ ರದ್ದು ಸಂದೇಶ ತಲುಪಿತು. ಆ ಹೊತ್ತಿಗೆ ಅದು 10,000 ಮುಗಿಸಿದೆ. ಅಷ್ಟಕ್ಕೆ ಬಳಸಿದ ಪ್ರೊಸೆಸರ್ ಸಮಯದ ವೆಚ್ಚ ಖಾತೆಯಲ್ಲಿ ಉಳಿಯುತ್ತದೆ. ಎರಡನೆಯದಕ್ಕೆ ಇನ್ನು ಪೂರ್ತಿ 500 ಲಭ್ಯ. ಉಳಿದ 30,000ಕ್ಕೆ 60 ಸೆಕೆಂಡು ಸಾಕು, ಅಂದರೆ ಅದು 100ನೇ ಸೆಕೆಂಡಿಗೇ ಮುಗಿಯುತ್ತದೆ. 160ಕ್ಕೆಂದು ಮೊದಲೇ ನಿಗದಿಯಾಗಿದ್ದ ಮುಕ್ತಾಯದ ಘಟನೆ ಅನುಕರಣೆಯ ಸರದಿಯಲ್ಲಿ ಹಾಗೇ ಇರುತ್ತದೆ; ಅದು ಬಂದಾಗ ಹಳೆಯದೆಂದು ಗುರುತಿಸಿ ಕಡೆಗಣಿಸಬೇಕು. ಪ್ರೊಸೆಸರನ್ನು ಕೆಲಸಗಳಿಗೆ ಹಂಚುವ ನೀತಿಯನ್ನು ಸ್ವಂತವಾಗಿ ಬರೆಯುವವರು ಎಡವುವುದು ಇಲ್ಲೇ. ಕೆಲಸವನ್ನು ಪಟ್ಟಿಯಿಂದ ತೆಗೆಯುತ್ತಾರೆ, ಉಳಿದವುಗಳ ಮುಕ್ತಾಯದ ಸಮಯವನ್ನು ಮತ್ತೆ ಲೆಕ್ಕ ಹಾಕುವುದಿಲ್ಲ. ಪ್ರೋಗ್ರಾಂ ಎಲ್ಲೂ ನಿಲ್ಲದೆ ಓಡಿ, ಅಚ್ಚುಕಟ್ಟಾದ ನಕ್ಷೆಯನ್ನೂ ಕೊಟ್ಟುಬಿಡುತ್ತದೆ. ಅದಕ್ಕೇ ಈ ತಪ್ಪು ನನ್ನನ್ನು ಅಷ್ಟು ಕಾಡುತ್ತದೆ. ಇಷ್ಟು ಚಿಕ್ಕ ಉದಾಹರಣೆಯನ್ನು ಕಾಗದದ ಮೇಲೆ ಬಿಡಿಸಿ ತಾಳೆ ನೋಡದೆ ಸಾವಿರ ಗ್ರಿಡ್‌ಲೆಟ್‌ಗಳ ಪ್ರಯೋಗಕ್ಕೆ ಕೈಹಾಕಬೇಡಿ.

ಗ್ರಿಡ್‌ಸಿಮ್‌ನಲ್ಲಿ ಪ್ರೊಸೆಸರ್‌ಗಳನ್ನು ಮುಂಗಡವಾಗಿ ಕಾಯ್ದಿರಿಸಲೂ ಬಹುದು, ಅಲ್ಲೂ ರದ್ದಿನ ಪ್ರಶ್ನೆ ಬರುತ್ತದೆ. ಈ ಕಾಯ್ದಿರಿಸುವಿಕೆಗೆ ಎರಡು ಹಂತ. ಮೊದಲು ಆರಂಭದ ಸಮಯ, ಅವಧಿ, ಪ್ರೊಸೆಸರ್‌ಗಳ ಸಂಖ್ಯೆ ಹೇಳಿ ಕೋರಿಕೆ. ಒಪ್ಪಿಗೆ ಸಿಕ್ಕ ಮೇಲೆ ಗಡುವಿನೊಳಗೆ ಖಚಿತಪಡಿಸಬೇಕು. ಕಲ್ಯಾಣ ಮಂಟಪದವರು ಬಾಯಿಮಾತಿಗೆ ತಾರೀಖು ಹಿಡಿದಿಟ್ಟು, ಹೇಳಿದ ದಿನದೊಳಗೆ ಹಣ ಕಟ್ಟದಿದ್ದರೆ ಬೇರೆಯವರಿಗೆ ಕೊಡುವಂತೆ, ಗಡುವು ಮೀರಿದರೆ ಜಾಗ ತಾನಾಗಿಯೇ ತೆರವಾಗುತ್ತದೆ.

ಕಾಯ್ದಿರಿಸಿದ್ದನ್ನೇ ರದ್ದು ಮಾಡಿದರೆ ಅದಕ್ಕೆ ಸೇರಿದ ಗ್ರಿಡ್‌ಲೆಟ್‌ಗಳೂ ರದ್ದಾಗುತ್ತವೆ, ಆದರೆ ಅವುಗಳನ್ನು ಬಳಕೆದಾರನೇ ಕೇಳಿ ವಾಪಸ್ ಪಡೆಯಬೇಕು. ಕೆಲಸವನ್ನಷ್ಟೇ ಕೈಬಿಟ್ಟಾಗ ಮಾತು ಬೇರೆ. ನಿಜವಾದ ಕ್ಲಸ್ಟರ್‌ಗಳಲ್ಲಿ, ಅಂದರೆ ಒಟ್ಟಿಗೆ ಜೋಡಿಸಿದ ಕಂಪ್ಯೂಟರುಗಳ ಗುಂಪಿನಲ್ಲಿ, ಕೆಲಸ ಹಂಚಲು ಬಳಸುವ ಸ್ಲರ್ಮ್ ಎಂಬ ಸಾಫ್ಟ್‌ವೇರ್‌ನಲ್ಲಿ ಕೆಲಸ ರದ್ದಾದರೂ ಕಾಯ್ದಿರಿಸಿದ ನೋಡ್‌ಗಳು (ಗುಂಪಿನ ಬಿಡಿ ಕಂಪ್ಯೂಟರುಗಳು) ಸಾಮಾನ್ಯವಾಗಿ ಅವಧಿ ಮುಗಿಯುವವರೆಗೆ ಬಿಡುಗಡೆಯಾಗುವುದಿಲ್ಲ. ಅದಕ್ಕೆ ಪ್ರತ್ಯೇಕ ಆದೇಶ ಬೇಕು. ನಿಮ್ಮ ಮಾದರಿಯಲ್ಲಿ ಆ ಖಾಲಿ ಅವಧಿ ಯಾರ ಪಾಲಿಗೆ ಹೋಗುತ್ತದೆ ಎಂಬುದನ್ನು ವರದಿಯಲ್ಲಿ ಬರೆಯಿರಿ. ಬಳಕೆಯ ಶೇಕಡಾವಾರು ಅದರ ಮೇಲೆಯೇ ನಿಂತಿರುತ್ತದೆ.